ನಾಲ್ಕನೇ ಮೂಲೆಯ ನಾರು

ಭಾನುವಾರ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಎದುರಿಗಿದ್ದ ಕಂಪ್ಯೂಟರಿನ ಪರದೆಯಲ್ಲಿ ಗಡಿಯಾರವಿತ್ತು. ಅದನ್ನು ನೋಡಿ, ಚಹಾಕ್ಕೆ ಹೊತ್ತಾಯಿತು ಅಂದುಕೊಂಡು ತಲೆ ಎತ್ತಿದೆ. ಗಾಜಿನಾಚೆ ಅತ್ತೆ ಚಾಪೆಯ ಮೇಲೆ ಕುಳಿತು, ಕಣ್ಣು ಮುಚ್ಚಿ ಹಾಡುತ್ತಿದ್ದರು. ಅವರ ಬೆನ್ನ ಹಿಂದೆ, ಬಾಗಿಲ ಮೂಲೆಯಲ್ಲಿ ನಿಂತಿದ್ದ ಹಳದಿ ಬಟ್ಟೆಯ ಕಂಬದ ನಡುವೆ ಅಂಗೈಯಗಲದ ಕಂದು ಕಲೆಯೊಂದಿತ್ತು. ಬಟ್ಟೆಯ ಮೇಲೆ ಚಹಾ ಚೆಲ್ಲಿದ ಹಾಗೆ. ಬೆಳಿಗ್ಗೆ ಅದು ಇರಲಿಲ್ಲ.

ಎಣ್ಣೆ ಜಿನುಗಿರಬೇಕು ಅಂದುಕೊಂಡೆ. ಪಕ್ಕದಲ್ಲಿ ಇವರು, ಅಂದರೆ ನನ್ನ ಗಂಡ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪರದೆಯ ಮೇಲೆ ಏರಿಳಿಯುವ ಗೆರೆಯನ್ನೇ ನೋಡುತ್ತಿದ್ದರು. ಮುಖದಲ್ಲಿ ಸಂತೋಷ ತುಂಬಿತ್ತು. ಆರು ತಿಂಗಳಿಂದ ಆ ಕೋಣೆಯೊಳಗಿನ 'ಗುಂಯ್' ಅನ್ನುವುದರ ಬೆನ್ನು ಹತ್ತಿದ್ದವರು ಅವರು. ಅಂದು ಅದು ಮೊದಲ ಸಲ ಸುಮ್ಮನಾಗಿತ್ತು.

ಇವರು ಹೊನ್ನಾವರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾರೆ. ಮದುವೆ, ಕ್ರಿಕೆಟ್ ಪಂದ್ಯ, ಶಾಲೆಯ ವಾರ್ಷಿಕೋತ್ಸವ, ಯಾವುದಕ್ಕೂ ಸೈ. ಜೊತೆಗೆ ಪ್ರಚಾರದ ರಿಕ್ಷಾಗಳಿಗೆ ದನಿ ಮುದ್ರಿಸಿ ಕೊಡುತ್ತಾರೆ. ಬಟ್ಟೆ ಅಂಗಡಿಯ ಉದ್ಘಾಟನೆ, ಕಣ್ಣಿನ ತಪಾಸಣೆ ಶಿಬಿರ, ನಾಳೆ ಇಡೀ ದಿನ ಕರೆಂಟಿಲ್ಲ ಎಂಬ ಸುದ್ದಿ, ಎಲ್ಲವನ್ನೂ ಅವರ ದನಿ ಊರಿಗೆ ಹೇಳುತ್ತದೆ. ನಾನು ಭಟ್ಕಳದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಸಂಜೆ ಬಸ್ಸಿನಲ್ಲಿ ಬರುವಾಗ ಕೆಲವೊಮ್ಮೆ ನನ್ನ ಗಂಡನ ದನಿಯೇ ರಿಕ್ಷಾದಲ್ಲಿ ಎದುರಿನಿಂದ ಬಂದು, 'ಮಾನ್ಯ ಗ್ರಾಹಕರೇ' ಎಂದು ಕರೆದು, ಹಿಂದೆ ಹೋಗಿಬಿಡುತ್ತದೆ. ಆಗ ನಗು ಬರುತ್ತದೆ. ಮನೆಯಲ್ಲಿ ನನ್ನನ್ನು ಅಷ್ಟು ಮರ್ಯಾದೆಯಿಂದ ಕರೆದದ್ದಿಲ್ಲ.

ಮುದ್ರಿಸುವ ಕೋಣೆ ಮೊದಲು ಕಟ್ಟಿಗೆ ಒಟ್ಟುವ ಕೋಣೆಯಾಗಿತ್ತು. ಮನೆಯ ಹಿಂಬದಿಗೆ ಅಂಟಿಕೊಂಡ ಚಿರೆಕಲ್ಲಿನ ಗೂಡು ಅದು. ಹಂಚಿನ ಮಾಡು, ಹಿತ್ತಲಿಗೆ ಒಂದು ಬಾಗಿಲು. ಇವರು ಒಳಜಗಲಿಯ ಕಡೆಯ ಗೋಡೆಯಲ್ಲಿ ತೂತು ಕೊರೆಸಿ, ತೆರೆಯಲು ಬಾರದ ದಪ್ಪ ಗಾಜು ಕೂರಿಸಿದರು. ಹಾಡುವವರು ಗಾಜಿನಾಚೆ, ಯಂತ್ರಗಳು ಈಚೆ. ಬಾಗಿಲ ಅಂಚಿಗೆ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಲೂ ಹೊಡೆದರು. ಗೋಡೆಗೆ ಮೊಟ್ಟೆ ಟ್ರೇಗಳನ್ನು ಅಂಟಿಸಿದರು. ಅತ್ತೆ ಸೊಪ್ಪಿನ ಕಟ್ಟು ಕಂಕುಳಲ್ಲಿ ಹಿಡಿದು ಬಂದು ನೋಡಿದರು.

"ಇದೆಂತದಾ ತಮಾ? ಕೋಳಿ ಇಲ್ಲದ ಮನೇಲಿ ಇಷ್ಟು ಮೊಟ್ಟೆ ತಟ್ಟೆ?"

"ದನಿ ಚೊಲೋ ಬರ್ಲಿ ಅಂತ, ಅವ್ವಿ."

"ದನಿ ಗಂಟ್ಲಿಂದ ಬರೂದಲ್ದಾ?"

ದನಿ ಚೊಲೋ ಬರಲಿಲ್ಲ. ಮೊಟ್ಟೆ ಟ್ರೇಗಳು ಚಪ್ಪಾಳೆಯ ಸದ್ದನ್ನು ಸ್ವಲ್ಪ ನುಂಗಿದವು, ಅಷ್ಟೇ. ದಪ್ಪ ದನಿ ಮಾತ್ರ ಆ ಸಣ್ಣ ಕೋಣೆಯಲ್ಲಿ ಕೊಡಪಾನದೊಳಗೆ ಮಾತಾಡಿದಂತೆ ಗುಂಯ್‌ಗುಟ್ಟುತ್ತಿತ್ತು. ಇವರ ದನಿಯೂ ಅತ್ತೆಯ ದನಿಯೂ ಒಂದೇ ಮನೆತನದವು, ಎರಡೂ ತಗ್ಗಿನವು. ಒಂದು ಭಾನುವಾರ ಇವರು ನನ್ನನ್ನು ಕೋಣೆಯ ನಡುವೆ ನಿಲ್ಲಿಸಿ ಸ್ಪೀಕರಿನಲ್ಲಿ ಒಂದೇ ಸಮನಾದ ತಗ್ಗು ಸ್ವರವನ್ನು ಹಚ್ಚಿದರು. ಹೆಚ್ಚೇನೂ ಕೇಳಲಿಲ್ಲ. ಆಮೇಲೆ ಭುಜ ಹಿಡಿದು ಮೂಲೆಗೆ ತಳ್ಳಿಕೊಂಡು ಹೋದರು. ಮೂಲೆಯಲ್ಲಿ ಅದೇ ಸ್ವರ ಎದೆಯೊಳಗೆ ಲಾರಿ ನಿಂತು ಇಂಜಿನು ಓಡಿಸಿದಂತಿತ್ತು. ತಗ್ಗು ಸ್ವರಗಳೆಲ್ಲ ಮೂಲೆಯಲ್ಲಿ ಗುಡ್ಡೆಯಾಗುತ್ತವಂತೆ. ಅಲ್ಲಿ ನೆಲದಿಂದ ಮಾಡಿನವರೆಗೆ ದಪ್ಪ ನಾರಿನಂಥ ಏನನ್ನಾದರೂ ತುಂಬಿದರೆ, ಸ್ವರ ಅದರೊಳಗೆ ಹೊಕ್ಕು ಹೊರಬರಲಾರದೆ ಸೋಲುತ್ತದಂತೆ. ಅದಕ್ಕೆ ಬೇಸ್ ಟ್ರ್ಯಾಪ್ ಎಂದು ಹೆಸರು. ಅತ್ತೆಗೆ ಇವರು 'ಬೋನು' ಎಂದು ಹೇಳಿ ತಿಳಿಸಿದರು.

"ಎಂತ ಬೀಳ್ತದ್ಯಾ ಅದ್ರೊಳಗೆ?"

"ಗುಂಯ್ ಅನ್ನೂದು ಬೀಳ್ತದೆ."

"ಹಂಗಾರೆ ಬೆಳಗಾದ್ಮೇಲೆ ಎತ್ಕಂಡ್ ಹೋಗಿ ಹೊಳೆಯಾಚೆ ಬಿಟ್ ಬಾ. ಇಲ್ಲೇ ಬಿಟ್ರೆ ತಿರ್ಗಿ ಬತ್ತದೆ."

ಹೀಗೆ ನಗುತ್ತಲೇ ಅತ್ತೆ ಆ ಕೆಲಸಕ್ಕೆ ನಮಗಿಂತ ಹೆಚ್ಚು ಮೈಬಗ್ಗಿಸಿದರು. ಅದಕ್ಕೆ ಕಾರಣವೂ ಇತ್ತು. ಅವರ ತವರು ಕುಮಟೆಯಾಚೆಯ ಕಾಗಾಲ. ತಮ್ಮನ ಮಗಳಿಗೆ ಮದುವೆ ಗೊತ್ತಾಗಿತ್ತು. ಮದುಮಗಳಿಗೆ ಅರಿಶಿನ ಹಚ್ಚುವಾಗ ಹೇಳುವ ಉದ್ದನೆಯ ಹಾಡೊಂದಿದೆ. ಕೊನೆಯವರೆಗೆ ಅದು ಬರುವುದು ಈಗ ಅತ್ತೆಗೊಬ್ಬರಿಗೇ. ಆ ಹುಡುಗಿಯೇ ಫೋನು ಮಾಡಿ, "ಅತ್ತೆ, ನಂಗೆ ಅದ್ನ ಪೂರ್ತಿ ರೆಕಾರ್ಡ್ ಮಾಡಿ ಕೊಡು, ಉಡುಗೊರೆ ಬೇರೆ ಎಂತದೂ ಬ್ಯಾಡ" ಎಂದಿದ್ದಳು. ಅಂದಿನಿಂದ ಅತ್ತೆ ಸೌತೆ ಬಳ್ಳಿಗೆ ನೀರು ಹಾಕುವಾಗಲೂ ಅದನ್ನೇ ಗುನುಗುತ್ತಿದ್ದರು.

ಅಡಿಕೆ ಮರದ ದಬ್ಬೆಗಳನ್ನು ಸೀಳಿ, ನಾಲ್ಕು ಮೂಲೆಗಳಿಗೆಂದು ಕಂಬದಷ್ಟು ಉದ್ದದ ತ್ರಿಕೋನ ಪಂಜರಗಳನ್ನು ಕಟ್ಟಿದೆವು. ಕುಮಟೆಯ ಹತ್ತಿರ ತೆಂಗಿನ ಸಿಪ್ಪೆ ಬಡಿಯುವ ಕಡೆಯಿಂದ ಇವರು ನಾರಿನ ಮೂಟೆಗಳನ್ನು ಮೈಕ್ ಸೆಟ್ಟಿನ ಗಾಡಿಯಲ್ಲೇ ಹೇರಿಕೊಂಡು ಬಂದರು. ಹಿತ್ತಲಲ್ಲಿ ಹರಡಿ ಒಣಗಿಸಿ, ಅತ್ತೆಯೂ ನಾನೂ ಕೂತು ಬಿಡಿಬಿಡಿ ಮಾಡಿದೆವು. ಮೇಲುಹೊದಿಕೆಗೆ ನಾನು ಭಟ್ಕಳದಿಂದ ತೆಳು ಹಳದಿ ಬಟ್ಟೆಯ ತುಂಡುಗಳನ್ನು ಆರಿಸಿ ತಂದೆ. ನಾರು ತುಂಬಿ ತುಂಬಿ ಬೆರಳ ಸಂದಿಗಳೆಲ್ಲ ಉರಿಯುತ್ತಿದ್ದವು. ಅತ್ತೆ ಪಂಜರದೊಳಗೆ ನಾರು ತುರುಕುತ್ತ, "ಬಾಳಂತಿ ಹಾಸ್ಗೆಗೂ ನಾ ಇಷ್ಟು ಚೆಂದ ತುಂಬ್ಸಿರ್ಲಿಲ್ಲೆ" ಅನ್ನುತ್ತಿದ್ದರು.

ತೊಂದರೆ ಕೊಟ್ಟದ್ದು ನಾಲ್ಕನೇ ಮೂಲೆ. ಅಲ್ಲಿ ಬಾಗಿಲಿತ್ತು, ಅದು ಒಳಕ್ಕೆ ತೆರೆಯುವ ಬಾಗಿಲು. ಅದಕ್ಕೆ ಇವರು ಆ ಮೂಲೆಯ ಕಂಬವನ್ನು ಮಾತ್ರ ಚಕ್ರಗಳ ಮೇಲೆ ನಿಲ್ಲಿಸಿದರು. ಹಾಡುವವರು ಒಳಗೆ ಹೋಗಿ, ಬಾಗಿಲು ಹಾಕಿ, ಕಂಬವನ್ನು ಬಾಗಿಲಿನೆದುರಿಗೆ ಎಳೆದುಕೊಳ್ಳಬೇಕು. ಕಟ್ಟಿಗೆ ಕೋಣೆಯ ನೆಲ ಬಾಗಿಲಿನಿಂದ ಒಳಗಡೆಗೆ ಸ್ವಲ್ಪ ಇಳಿಜಾರು. ಕಂಬ ಜಾರದಿರಲೆಂದು ಅತ್ತೆ ಚಕ್ರದ ಬುಡಕ್ಕೆ ಒಂದು ಚಿರೆಕಲ್ಲಿನ ಚೂರು ಇಡುವುದನ್ನು ರೂಢಿ ಮಾಡಿಕೊಂಡರು.

ಇನ್ನು ಒರಲೆಯ, ಅಂದರೆ ಗೆದ್ದಲಿನ ಚಿಂತೆ. ನಮ್ಮ ಕಡೆ ಚಿರೆಕಲ್ಲಿನ ಗೋಡೆಗೆ ಮರ ತಾಗಿಸಿದರೆ ಒಂದೇ ಮಳೆಗಾಲದಲ್ಲಿ ಒರಲೆ ಹತ್ತುತ್ತದೆ. ಇವರ ಗೆಳೆಯರೊಬ್ಬರು ಮಾವಿನಕುರ್ವೆಯವರು, ದೋಣಿ ರಿಪೇರಿ ಮಾಡುವವರು. ಶನಿವಾರ ಮಧ್ಯಾಹ್ನ ಒಂದು ಕ್ಯಾನು ಹಿಡಿದುಕೊಂಡು ಬಂದರು. ತಾರ್ಲೆ ಮೀನಿನ ಎಣ್ಣೆ. ದೋಣಿಗಳನ್ನು ದಡಕ್ಕೆ ಎಳೆದು ಹಲಗೆಗೆ ಹಚ್ಚುವುದು ಇದನ್ನೇ. ಎಣ್ಣೆ ಕುಡಿದ ಮರದ ಹತ್ತಿರ ಹುಳ ಸುಳಿಯುವುದಿಲ್ಲ.

"ದೋಣಿ ಉಪ್ಪು ನೀರಲ್ಲೇ ಉಳೀತದೆ ಮಾರಾಯ. ನಿನ್ನ ಬೋನು ಉಳೀಲಿಕ್ಕಿಲ್ವಾ?" ಎಂದರು.

"ಹಾಡ್ಲಿಕ್ಕೆ ಬಂದವ್ರು ಮೂಗು ಮುಚ್ಕಂಡು ಹಾಡ್ಬೇಕು," ಎಂದೆ ನಾನು.

"ಅತ್ಗೆ, ಎರಡು ದಿನಕ್ಕೆ ವಾಸ್ನೆ ಹೋಗ್ತದೆ. ಹೋಗದಿದ್ರೆ ರೆಕಾರ್ಡಿಗೆ ವಾಸ್ನೆ ಹಿಡೂದಿಲ್ಲ ಬಿಡಿ."

ಗೋಣಿಯ ತುಂಡುಗಳನ್ನು ಎಣ್ಣೆಯಲ್ಲಿ ಅದ್ದಿ ಗೋಡೆಗೆ ತಾಗುವ ದಬ್ಬೆಗಳಿಗೆಲ್ಲ ಉಜ್ಜಿದರು. ಆಗಲೇ ಮೂರು ಕಂಬಗಳ ಕೆಲಸ ಮುಗಿದು, ಚಕ್ರದ ಕಂಬಕ್ಕೆ ನಾರು ತುಂಬುವುದು ಉಳಿದಿತ್ತು. ಎಣ್ಣೆ ಕುಡಿದ ಗೋಣಿ ತುಂಡುಗಳನ್ನು ಇವರು ಹಿತ್ತಲಿಗೆ ಎಸೆಯಲು ಹೊರಟರು. ಅತ್ತೆ ತಡೆದರು. ಒಂದು ಮುಷ್ಟಿ ನಾರನ್ನೂ ಹಾಳು ಮಾಡದ ಹೆಂಗಸು ಅವರು.

"ಎಸೀಬ್ಯಾಡ್ವಾ. ನಾರಿನ ನಡೂಕೆ ತುರ್ಕು. ಒಳ್ಗೂ ಒರ್ಲೆ ಬರೂದಿಲ್ಲೆ."

ನಮ್ಮಲ್ಲಿ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಗೆಳೆಯರು, "ಅಮಾ, ನೀವು ದೋಣಿ ಕಟ್ಟೂಕೆ ಬನ್ನಿ" ಎಂದು ನಕ್ಕರು. ಗೋಣಿ ತುಂಡುಗಳನ್ನು ಮುದ್ದೆ ಮಾಡಿ, ನಾರಿನ ನಟ್ಟನಡುವೆ ಇಟ್ಟು, ಮೇಲೆ ಇನ್ನಷ್ಟು ನಾರು ಒತ್ತಿ ತುಂಬಿ ಬಟ್ಟೆ ಹೊಲಿದೆವು. ಏಪ್ರಿಲ್ ತಿಂಗಳ ಸೆಕೆ. ಮೀನಿನ ವಾಸನೆಗೆ ಬೆಕ್ಕುಗಳು ಬರದಿರಲೆಂದು ಕೋಣೆಯ ಬಾಗಿಲನ್ನು ಭದ್ರವಾಗಿ ಹಾಕಿದೆವು.

ಮರುದಿನ ಊಟವಾದ ಮೇಲೆ ಅತ್ತೆ ಒಳ್ಳೆಯ ಸೀರೆ ಉಟ್ಟು ಬಂದರು. ಫೋಟೋ ಅಲ್ಲ, ದನಿ ಮಾತ್ರ ಎಂದರೂ ಕೇಳಲಿಲ್ಲ. ಕಂಬಳಿ ಹಾಸಿ, ಅದರ ಮೇಲೆ ಚಾಪೆ ಹಾಸಿ, ಮೈಕಿನೆದುರು ಅವರನ್ನು ಕೂರಿಸಿ ಇವರು ಹೊರಗೆ ಬಂದರು. ಅತ್ತೆ ಎದ್ದು ಬಾಗಿಲು ಹಾಕಿ, ಕಂಬ ಎಳೆದು, ಕಲ್ಲು ಇಟ್ಟು ಮತ್ತೆ ಕೂತು ಗಾಜಿನತ್ತ ತಲೆಯಾಡಿಸಿದರು. "ಸೆಕೆ ಉಂಟು, ಮೀನು ವಾಸ್ನೆ ಉಂಟು, ಆದ್ರೂ ಆತು, ಶುರು ಮಾಡ್ವ" ಎಂಬ ದನಿ ಸ್ಪೀಕರಿನಲ್ಲಿ ಬಂತು. ಹಾಡು ಎತ್ತಿದರು.

ಎತ್ತಿದ ಹಾಡನ್ನು ನಡುವೆ ಬಿಡಬಾರದು ಎನ್ನುವುದು ಅವರ ಪದ್ಧತಿ. ಗದ್ದೆಯ ಹಾಡಾದರೆ ಮಳೆ ಬಂದರೂ ಮುಗಿಸಿಯೇ ಏಳುವುದು. ಮದುವೆಯ ಹಾಡಂತೂ ಕೊನೆಯ ಶೋಭಾನೆಯವರೆಗೆ ಹೋಗಲೇಬೇಕು, ಅರ್ಧಕ್ಕೆ ಬಿಟ್ಟರೆ ಮದುಮಗಳಿಗೆ ಒಳ್ಳೆಯದಲ್ಲ. ಇದು ನನಗೆ ಗೊತ್ತಿತ್ತು. ಅದು ಎಷ್ಟು ಗಟ್ಟಿ ಎನ್ನುವುದು ಗೊತ್ತಿರಲಿಲ್ಲ.

ಗಾಜಿನಾಚೆ ಆ ಕಂದು ಕಲೆ ದೊಡ್ಡದಾಯಿತು. ಅದರ ನಡುವೆ ಕಪ್ಪಾಯಿತು. ಕಪ್ಪಿನ ಅಂಚಿನಿಂದ ಎಳೆಯಷ್ಟು ಹೊಗೆ ಹೊರಟು ಮೇಲಕ್ಕೆ ಹೋಯಿತು. ನಾನು ಇವರ ತೋಳು ಹಿಡಿದು ಅಲುಗಿಸಿದೆ. ಇವರು ಮಾತಾಡಬೇಡ ಎಂಬಂತೆ ಬೆರಳು ತೋರಿಸಿದರು, ಆಮೇಲೆ ನನ್ನ ಮುಖ ನೋಡಿದರು, ಆಮೇಲೆ ಗಾಜು ನೋಡಿದರು. ಹೆಡ್‌ಫೋನ್ ಕಿತ್ತೆಸೆದು ಹಿತ್ತಲ ಬಾಗಿಲಿಗೆ ಓಡಿದರು.

ನಾನು ಗಾಜಿಗೆ ಎರಡೂ ಕೈಯಿಂದ ಬಡಿದೆ. ಅತ್ತೆ ಕಣ್ಣು ತೆರೆಯಲಿಲ್ಲ. ಒಂದು ಸಲ ಕೆಮ್ಮಿದರು, ಮತ್ತೆ ಸ್ವರ ಹಿಡಿದರು. ಇನ್ನಷ್ಟು ಜೋರಾಗಿ ಬಡಿದೆ. ಆಗ ಅವರು ಬಲಗೈ ಎತ್ತಿ, ಅಂಗೈ ನನ್ನ ಕಡೆ ಮಾಡಿ, 'ತಡಿ, ಸ್ವಲ್ಪವೇ ಉಳಿದಿದೆ' ಎಂಬಂತೆ ಹಿಡಿದರು. ಕಣ್ಣು ಮುಚ್ಚಿಯೇ ಇತ್ತು. ಅವರ ಬೆನ್ನ ಹಿಂದೆ ಬಟ್ಟೆ ಸುರುಟಿಕೊಂಡು ಬಿಚ್ಚಿತು, ಒಳಗೆ ನಾರು ಕೆಂಡದ ಗೂಡಿನಂತೆ ಕೆಂಪಗಿತ್ತು. ಜ್ವಾಲೆ ಇರಲಿಲ್ಲ. ಹಳದಿ ಕಪ್ಪಿನ ದಟ್ಟ ಹೊಗೆ ಮಾಡಿನಿಂದ ಕೆಳಗೆ ಇಳಿಯತೊಡಗಿತು. ಮೊದಲು ಕಂಬ ಕಾಣದಾಯಿತು, ಆಮೇಲೆ ಅತ್ತೆಯ ತಲೆ, ಕೊನೆಗೆ ಆ ಎತ್ತಿದ ಅಂಗೈ.

ಇಂದಿಗೂ ನನಗೆ ಮರಳಿ ಬರುವುದು ಆ ಅಂಗೈ. ಬಸ್ಸಿನಲ್ಲಿ ಬರುತ್ತದೆ, ಪುಸ್ತಕಗಳನ್ನು ಕಪಾಟಿಗೆ ಸೇರಿಸುವಾಗ ಬರುತ್ತದೆ. ನಾನು ಬಡಿಯುತ್ತಲೇ ಇರುತ್ತೇನೆ, ಅದು ತಡಿ ಅನ್ನುತ್ತಲೇ ಇರುತ್ತದೆ.

ನಾನೂ ಹಿತ್ತಲಿಗೆ ಓಡಿದೆ. ಇವರು ಭುಜ ಕೊಟ್ಟು ಬಾಗಿಲನ್ನು ನೂಕುತ್ತಿದ್ದರು. ಗೇಣಗಲ ತೆರೆದು ನಿಂತುಬಿಟ್ಟಿತ್ತು. ಆಚೆ ಕಂಬ, ಕಂಬದ ಚಕ್ರಕ್ಕೆ ಕಲ್ಲು. ಉರಿಯುತ್ತಿದ್ದದ್ದೂ ಅದೇ ಕಂಬ. ಸಂದಿಯಿಂದ ಬಂದ ಹೊಗೆ ಮೂಗಿಗೆ ಕತ್ತಿಯಂತೆ ಹೊಕ್ಕಿತು. "ಅವ್ವಿ, ಕಲ್ಲು ತೆಗಿ" ಎಂದು ಇವರು ಕೂಗುತ್ತಿದ್ದರು. ಊರಿಗೆಲ್ಲ ಕೇಳುವ ದನಿ ಅವರದು. ಅಂದು ಅದು ಒಡೆದು ಮಗುವಿನ ದನಿಯಂತಾಗಿತ್ತು. ನಾನು ಅವರ ಬೆನ್ನಿಗೆ ಬೆನ್ನು ಕೊಟ್ಟು ನೂಕಿದೆ. ಒಳಗಿನಿಂದ ಕೆಮ್ಮು ಕೇಳಿತು, ಆಮೇಲೆ ಏನೋ ಎಳೆದ ಸದ್ದು. ಬಾಗಿಲು ಒಮ್ಮೆಲೇ ಸಡಿಲವಾಗಿ ನಾವಿಬ್ಬರೂ ಹೊಸ್ತಿಲ ಮೇಲೆ ಬಿದ್ದೆವು.

ಅತ್ತೆ ನಮ್ಮನ್ನು ದಾಟಿಕೊಂಡೇ ಹೊರಗೆ ಬಂದರು. ಚಾಪೆಯ ಕೆಳಗಿನ ಕಂಬಳಿಯನ್ನು ಎಳೆದು ಕಂಬದ ಮೇಲೆ ಹೊದಿಸಿ, ಕಾಲಿನಿಂದ ಕಲ್ಲು ಒದ್ದು, ಕಂಬವನ್ನು ತಬ್ಬಿ ಬದಿಗೆ ಜಗ್ಗಿದ್ದರಂತೆ. ಒಂದು ಕೈಯ ರೋಮವೆಲ್ಲ ಸುಟ್ಟಿತ್ತು. ಇನ್ನೊಂದು ಕೈಯಲ್ಲಿ ಮಗನ ಮೈಕು, ವೈರು ಸಮೇತ. ಬಾವಿಕಟ್ಟೆಯ ಮೇಲೆ ಕೂತು ಕೆಮ್ಮಿ ಕೆಮ್ಮಿ, ಉಸಿರು ಸಿಕ್ಕ ಕೂಡಲೇ ಹೇಳಿದ ಮಾತು, "ತಂಗಿ, ಒಲೆ ಮೇಲೆ ಹಾಲು ಇತ್ತು, ನೋಡು."

ಗಾಳಿ ಸಿಕ್ಕಿದ್ದೇ ಕೋಣೆ ಧಗ್ಗನೆ ಹತ್ತಿಕೊಂಡಿತು. ಪಕ್ಕದ ಮನೆಯವರು ಪಂಪಿನ ಪೈಪು ಎಳೆದು ತಂದರು. ಆಮೇಲೆ ಅಗ್ನಿಶಾಮಕದವರೂ ಬಂದರು. ಮನೆ ಉಳಿಯಿತು. ಕೋಣೆಯ ಮಾಡು ಕುಸಿದು, ನಾಲ್ಕು ಗೋಡೆ ಕಪ್ಪಾಗಿ ನಿಂತವು. ಅತ್ತೆಯನ್ನು ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು ಕಳಿಸಿದರು. ಹೊಗೆಗೆ ಗಂಟಲು ಬೆಂದಿದೆ, ಕೆಲವು ವಾರ ಮಾತು ಕಡಿಮೆ ಮಾಡಬೇಕು, ಹಾಡುವುದು ಬೇಡವೇ ಬೇಡ ಎಂದರು ಡಾಕ್ಟರು.

ಬೆಂಕಿ ಎಲ್ಲಿಂದ ಬಂತು ಎಂಬುದೇ ನಮಗೆ ಬಗೆಹರಿಯಲಿಲ್ಲ. ದೀಪ ಹಚ್ಚಿರಲಿಲ್ಲ, ಆ ಮೂಲೆಯಲ್ಲಿ ವೈರಿರಲಿಲ್ಲ. ಮರುದಿನ ಬಂದ ಅಗ್ನಿಶಾಮಕದ ಅಧಿಕಾರಿ ಬೂದಿಯನ್ನು ಕೋಲಿನಿಂದ ಕೆದಕುತ್ತ, ಕಂಬ ಒಳಗಿನಿಂದ ಹೊರಗೆ ಸುಟ್ಟಿದೆ ಎಂದು ತೋರಿಸಿದರು. ಒಳಗೆ ಏನಿತ್ತು ಎಂದು ಕೇಳಿದರು. ಹೇಳಿದೆವು. ಮೀನೆಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ ಎಂದರು. ದೋಣಿಯ ಹಲಗೆಗೆ ತೆಳ್ಳಗೆ ಹಚ್ಚಿದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಗೋಣಿಗೆ ಕುಡಿಸಿ, ಮುದ್ದೆ ಮಾಡಿ, ನಾರಿನ ಹೊಟ್ಟೆಯೊಳಗೆ ಒತ್ತಿಟ್ಟರೆ ಬಿಸಿಗೆ ಹೋಗಲು ದಾರಿಯಿಲ್ಲ. ಒಂದು ದಿನ ಸಾಕು.

ಅತ್ತೆ ಕೇಳಿಸಿಕೊಂಡು, "ಹಸಿ ಹುಲ್ಲು ಕುತ್ರಿ ಹಾಕ್ದಂಗೆ, ಒಳ್ಗೊಳ್ಗೇ ಕಾಯ್ತದೆ" ಎಂದು ಪಿಸುಗುಟ್ಟಿ ಎದ್ದು ಹೋದರು.

ಅಂದಿನಿಂದ ಅವರಿಗೆ ನಿದ್ದೆ ಇಲ್ಲ. ರಾತ್ರಿ ಎದ್ದು ಗೋಡೆ ಮುಟ್ಟಿ ನೋಡುವುದು, ಅಕ್ಕಿ ಚೀಲದೊಳಗೆ ಕೈ ಹಾಕಿ ನೋಡುವುದು, ಹಾಸಿಗೆಯ ಮೂಲೆ ಒತ್ತಿ ನೋಡುವುದು. ಅವರು ಎದ್ದರೆಂದು ನಾನು ಏಳುವುದು, ನಾನು ಎದ್ದೆನೆಂದು ಇವರು. ಹಗಲು ಮಾತ್ರ ಮೂವರೂ ಏನೂ ಆಗದವರಂತೆ ಇರುತ್ತಿದ್ದೆವು. ಮಾವಿನಕುರ್ವೆಯ ಗೆಳೆಯರು ಎಳನೀರು ಹಿಡಿದು ಬಂದು ಜಗಲಿಯ ಅಂಚಿನಲ್ಲಿ ಕೂತರು.

"ಎಣ್ಣೆ ತಂದವ ನಾನಮಾ."

"ಗೋಣಿ ತುರ್ಕು ಅಂದವ್ಳು ನಾನಲ್ದಾ," ಎಂದರು ಅತ್ತೆ, ಗಾಳಿಯಂಥ ದನಿಯಲ್ಲಿ. "ತಮ ಒಳ್ಗಿದ್ದಿದ್ರೆ?" ಎಂದು ಮಗನ ಕಡೆ ನೋಡಿದರು.

"ಬೋನು ಬೇಕು ಅಂದವ ನಾನು," ಎಂದರು ಇವರು. "ಮೂರು ಜನ ಪಾಲು ಮಾಡ್ಕಂಬ."

ಅತ್ತೆ ನಗಲಿಲ್ಲ. ಅವರನ್ನು ತಿನ್ನುತ್ತಿದ್ದದ್ದು ಇನ್ನೂ ಒಂದಿತ್ತು, ಅದನ್ನು ನನಗೊಬ್ಬಳಿಗೇ ಹೇಳಿದರು. ಹಾಡು ಮುಗಿಯಿತೋ ಇಲ್ಲವೋ ಅವರಿಗೆ ನೆನಪಿರಲಿಲ್ಲ. ಮುಗಿಯಲಿಲ್ಲ ಎಂದೇ ಅವರ ಅಂದಾಜು. ಮದುಮಗಳ ಹಾಡನ್ನು ಬೆಂಕಿಯೊಳಗೆ ಅರ್ಧಕ್ಕೆ ಬಿಟ್ಟು ಓಡಿಬಂದೆ, ಕಾಗಾಲದ ಹುಡುಗಿಗೆ ಏನಾದರೂ ಆದರೆ ಎಂದು ಕೇಳಿದರು. ಯಂತ್ರ ಜಗಲಿಯಲ್ಲಿ ಇದ್ದುದರಿಂದ ಮುದ್ರಿಸಿದ್ದೆಲ್ಲ ಹಾಗೇ ಉಳಿದಿತ್ತು. ಕೇಳಿದರೆ ತಿಳಿಯುತ್ತಿತ್ತು. ಆದರೆ ಅದನ್ನು ಹಚ್ಚುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಕೋಣೆಯನ್ನು ಮತ್ತೆ ಕಟ್ಟುವುದು ನನಗೆ ಬೇಡವಾಗಿತ್ತು. ಹಟ ಹಿಡಿದವರು ಅತ್ತೆ. "ಸುಟ್ಟ ಗೋಡೆ ದಿನಾ ನೋಡೂಕಿಂತ ಕಟ್ಟೂದು ಚೊಲೋ," ಎಂದು ಪಿಸುದನಿಯಲ್ಲೇ ಹೇಳಿದರು. ಆಗ ಒಂದು ಸಂಜೆ ಭಟ್ಕಳದ ಗುಜರಿ ಅಂಗಡಿಯೊಂದರ ಮುಂದೆ ಹಳದಿ ಹಸಿರು ಬಣ್ಣದ ದಪ್ಪ ಹಾಳೆಗಳ ರಾಶಿ ಕಂಡಿತು. ಯಾವುದೋ ಹಳೆಯ ಕಟ್ಟಡ ಒಡೆದಾಗ ಸಿಕ್ಕ ರಾಕ್‌ವೂಲ್. ಕಲ್ಲನ್ನು ಕರಗಿಸಿ ಹತ್ತಿಯಂತೆ ನೂತು ಮಾಡುವ ಸಾಮಾನು, ಬೆಂಕಿ ಹತ್ತದು ಎಂದು ಇವರು ಓದಿ ಹೇಳಿದ್ದರು. ಹೊಸದರ ಬೆಲೆಗೆ ಹೆದರಿ ಬಿಟ್ಟಿದ್ದರು. ಅಂಗಡಿಯವರು ಒಳಗಿದ್ದ ತಮ್ಮನ ಹತ್ತಿರ ನವಾಯತಿ ಭಾಷೆಯಲ್ಲಿ ಏನೋ ಕೇಳಿ, ನನ್ನ ಕಡೆ ತಿರುಗಿದರು.

"ಎಂತಕ್ಕೆ ಇದು, ಬಾಯೀ? ಮೈಗೆ ತಾಗಿದ್ರೆ ತುರಿಸ್ತದೆ. ಯಾರೂ ತಗೊಳ್ಳೂದಿಲ್ಲ."

"ಹಾಡು ರೆಕಾರ್ಡ್ ಮಾಡುವ ಕೋಣೆಗೆ."

ಅವರು ರಾಶಿಯನ್ನೂ ನನ್ನನ್ನೂ ನೋಡಿದರು. "ಹಾಡುವವರು ಒಳ್ಳೆ ಹಾಡ್ತಾರಾ?"

"ನಮ್ಮತ್ತೆ."

"ಹಾಗಾದ್ರೆ ಒಳ್ಳೆ ಹಾಡ್ತಾರೆ ಅನ್ನಲೇಬೇಕು," ಎಂದು ನಕ್ಕು, ಚೀಲದಲ್ಲಿ ಸುತ್ತಿಸಿ ಕೊಟ್ಟರು. ಮೊದಲ ಕಟ್ಟನ್ನು ನಾನು ಬಸ್ಸಿನಲ್ಲೇ ತಂದೆ. ಕಂಡಕ್ಟರು, "ಅಕ್ಕಾ, ಹಾಸಿಗೆ ಸಮೇತ ಬಂದ್ರಾ? ಬಸ್ಸು ಹೊನ್ನಾವರದವರೆಗೆ ಮಾತ್ರ" ಎಂದರು. ಉಳಿದದ್ದನ್ನು ಇವರು ಗಾಡಿ ತಂದು ಒಯ್ದರು.

ಅತ್ತೆ ನಮ್ಮ ಮಾತನ್ನೂ ನಂಬಲಿಲ್ಲ, ಓದಿದ್ದನ್ನೂ ನಂಬಲಿಲ್ಲ. ಒಂದು ತುಂಡು ಹರಿದು ಬಚ್ಚಲ ಒಲೆಯ ಕೆಂಡದೊಳಗೆ ಹುಗಿದರು. ಮರುದಿನ ಬೆಳಿಗ್ಗೆ ಬೂದಿ ಕೆದಕಿ ತೆಗೆದಾಗ ಬಣ್ಣ ಹೋಗಿ ಬಿಳಿಚಿತ್ತು, ತುಂಡು ಮಾತ್ರ ಹಾಗೇ ಇತ್ತು. ಅದನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಅಂದೇ ಸಂಜೆ ಇನ್ನೊಂದು ತುಂಡು ಹುಗಿದರು. ಅದೂ ಉಳಿಯಿತು.

ಈ ಸಲ ಕೈಗೆ ಕವಚ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಿದೆವು. ಹಾಳೆಗಳನ್ನು ತ್ರಿಕೋನವಾಗಿ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ, ಕಬ್ಬಿಣದ ಪಟ್ಟಿಯ ಚೌಕಟ್ಟಿನೊಳಗೆ ನಿಲ್ಲಿಸಿ, ಧೂಳು ಬಾರದಂತೆ ಒತ್ತು ನೇಯ್ಗೆಯ ಬಟ್ಟೆಯಿಂದ ಮುಚ್ಚಿದೆವು. ದಬ್ಬೆ ಇಲ್ಲ, ಒರಲೆ ಇಲ್ಲ, ಎಣ್ಣೆಯ ಮಾತೇ ಇಲ್ಲ. ಬಾಗಿಲು ಹೊರಕ್ಕೆ ತೆರೆಯುವಂತಾಯಿತು, ಅಗಳಿ ಹಾಕಿಸಲಿಲ್ಲ. ನಾಲ್ಕನೇ ಮೂಲೆಯನ್ನು ಖಾಲಿ ಬಿಟ್ಟೆವು. ಮೂರೇ ಇದ್ದರೆ ಗುಂಯ್ ಸ್ವಲ್ಪ ಉಳಿಯುತ್ತದೆ ಎಂದು ಇವರು ಒಮ್ಮೆ ಹೇಳಿದರು, ನಾನು ನೋಡಿದೆ, ಮತ್ತೆ ಹೇಳಲಿಲ್ಲ.

ಅತ್ತೆ ಕತ್ತರಿಸಿದರು, ಹೊಲಿದರು, ಹೊಸ್ತಿಲು ಗುಡಿಸಿದರು. ಒಳಗೆ ಮಾತ್ರ ಕಾಲಿಡಲಿಲ್ಲ. ಗಂಟಲು ವಾಸಿಯಾಗಿದೆ ಎಂದು ಡಾಕ್ಟರು ಹೇಳಿದ ಮೇಲೂ ಒಂದು ಸಾಲನ್ನೂ ಗುನುಗಲಿಲ್ಲ. ಸೌತೆ ಬಳ್ಳಿಗೆ ಸುಮ್ಮನೆ ನೀರು ಹಾಕಿ ಬರುತ್ತಿದ್ದರು. ಕಾಗಾಲದ ಹುಡುಗಿಯ ಫೋನು ಬಂದರೆ, ಚೆನ್ನಾಗಿದ್ದೀಯಾ ಎಂದು ಮೂರು ಸಲ ಕೇಳುತ್ತಿದ್ದರು.

ಕೆಲಸ ಮುಗಿದ ದಿನ ಇವರಿಗೆ ಹೊಸ ಕಂಬಗಳನ್ನು ಪರೀಕ್ಷಿಸಬೇಕಿತ್ತು. ಹಳೆಯ ಕೋಣೆಯಲ್ಲಿ ಮುದ್ರಿಸಿದ್ದನ್ನು ಹೊಸ ಕೋಣೆಯಲ್ಲಿ ಹಚ್ಚಿ ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ ಎಂದು, ಅಂದಿನ ಹಾಡಿನ ಮೊದಲ ಭಾಗವನ್ನು ಹಚ್ಚಿದರು. ಅತ್ತೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಒಂದು ನಿಮಿಷಕ್ಕೆ ನಿಲ್ಲಿಸುತ್ತೇನೆ ಎಂದಿದ್ದ ಇವರು ಮೂಲೆಯಿಂದ ಮೂಲೆಗೆ ಕಿವಿ ಒಡ್ಡಿ ನಡೆಯುತ್ತ ಮರೆತೇಬಿಟ್ಟರು. ದನಿ ಎಷ್ಟು ತಿಳಿಯಾಗಿ ಬರುತ್ತಿತ್ತೆಂದರೆ ನಾನೂ ಮರೆತೆ. ಆಗ ಸ್ಪೀಕರಿನಲ್ಲಿ ಒಂದು ಕೆಮ್ಮು ಬಂತು.

ಇಬ್ಬರೂ ನಿಂತಲ್ಲೇ ನಿಂತೆವು. ಇವರ ಕೈ ಗುಂಡಿಯ ಕಡೆ ಹೋಯಿತು.

"ಇರ್ಲಿ, ನಿಲ್ಸಬ್ಯಾಡ."

ಅತ್ತೆ ಬಾಗಿಲಲ್ಲಿದ್ದರು, ಭುಜದ ಮೇಲೆ ಒದ್ದೆ ಟವೆಲು. ಹೊಸ್ತಿಲು ದಾಟಿ ಒಳಗೆ ಬಂದರು. ಸ್ಪೀಕರಿನಲ್ಲಿ ನನ್ನ ಕೈ ಗಾಜಿಗೆ ಬಡಿಯುವ ಸದ್ದು ದೂರದ ಡೋಲಿನಂತೆ ಕೇಳುತ್ತಿತ್ತು. ನಾನು ಗೋಡೆಗೆ ಒರಗಿದೆ. ಅತ್ತೆಯ ಹಾಡು ಕೆಮ್ಮಿನ ನಡುವೆ ಎಡವಿ ಎಡವಿ ಮುಂದೆ ಹೋಗಿ, ಒಂದು ಸಾಲಿನ ತುದಿಯಲ್ಲಿ ನಿಂತಿತು. ಅಲ್ಲಿ ಅವರ ದನಿ ಸಾವಕಾಶವಾಗಿ, ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳುವಷ್ಟೇ ಸಾವಕಾಶವಾಗಿ ಹೇಳಿತು, "ತಮಾ, ನಿನ್ನ ಬೋನು ಹೊಗೆ ಬಿಡ್ತದ್ಯಲ."

ಆಮೇಲೆ ಎಳೆದ ಸದ್ದು, ಕೂಗು. ಇವರು ನಿಲ್ಲಿಸಿದರು.

ಅತ್ತೆ ಟವೆಲಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಅಳುತ್ತಿದ್ದಾರೆ ಅಂದುಕೊಂಡೆ. ಭುಜ ಕುಲುಕುತ್ತಿದ್ದವು. ಅವರು ನಗುತ್ತಿದ್ದರು.

"ಎಷ್ಟು ಮರ್ಯಾದಿ ಮೇಲೆ ಹೇಳಿದ್ನೇ ನಾನು," ಎಂದರು. "ನಾ ಬೊಬ್ಬೆ ಹೊಡ್ದಿದ್ದೆ ಅಂತ ಮಾಡಿದ್ದೆ ಇಷ್ಟು ದಿನ."

"ಬೊಬ್ಬೆ ಹೊಡ್ದವ ನಾನು, ಅವ್ವಿ," ಎಂದರು ಇವರು.

"ಕೇಳ್ತು. ಕರುವಿನ ಹಾಂಗೆ."

ಆಮೇಲೆ ನಗು ನಿಂತಿತು. ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು. ಕೊನೆಯ ಎರಡು ನುಡಿ ಮತ್ತು ಶೋಭಾನೆ ಉಳಿದಿತ್ತು, ಅಷ್ಟೇ. ತಾವು ಹೆದರಿದಂತೆ ಅರ್ಧವಲ್ಲ, ತುದಿ. ಇವರು ಮೈಕು ಸರಿಪಡಿಸಲು ಹೋದರು. ಅತ್ತೆ ಬೇಡ ಎಂದು ತಲೆಯಾಡಿಸಿ, ಅಲ್ಲೇ ಬರಿ ನೆಲದ ಮೇಲೆ ಕೂತರು. ನಾನು ಬಾಗಿಲ ಹತ್ತಿರ ಹೋಗಿ, ಅದನ್ನು ಪೂರ್ತಿ ತೆರೆದು, ಹೊಸ್ತಿಲ ಮೇಲೆ ಕೂತೆ. ಅವರು ಕಣ್ಣು ಮುಚ್ಚದೆ, ನನ್ನನ್ನೇ ನೋಡುತ್ತ, ಹಾಡು ನಿಂತಲ್ಲಿಂದ ಎತ್ತಿಕೊಂಡರು.

ದನಿ ಹಳೆಯದಾಗಿರಲಿಲ್ಲ. ಮೇಲಿನ ಸ್ವರ ಸೀಳುತ್ತಿತ್ತು, ತಗ್ಗಿನಲ್ಲಿ ಮರಳು ಬೆರೆತಂತಿತ್ತು. ಹಾಡು ಮುಗಿಯಿತು. ಕೋಣೆ ಅದನ್ನು ಹಿಡಿದಿಟ್ಟುಕೊಳ್ಳದೆ ಬಿಟ್ಟುಕೊಟ್ಟಿತು, ಗುಂಯ್ ಅನ್ನಲಿಲ್ಲ. ಇವರು ಕಣ್ಣೊರೆಸಿಕೊಂಡು ಎದ್ದು ಮೂರು ಕಂಬಗಳನ್ನೂ ಸುಮ್ಮನೆ ಮುಟ್ಟಿ ನೋಡಿದರು. ಅತ್ತೆ ಕಾಗಾಲಕ್ಕೆ ಫೋನು ಹಚ್ಚಿ, "ಮುಗೀತು ಮಗಾ, ಮದ್ವೆ ದಿನ ಬಂದು ಎದ್ರಿಗೇ ಹೇಳ್ತೆ" ಎಂದರು. ಆ ಹುಡುಗಿಗೆ ಏನು ಮುಗಿಯಿತು ಎಂದು ಅರ್ಥವಾದಂತೆ ಕಾಣಲಿಲ್ಲ.

ಅಂದು ಬೇಗ ಊಟ ಮಾಡಿ ಮಲಗಿದೆವು. ರಾತ್ರಿ ಯಾರೂ ಏಳಲಿಲ್ಲ, ಯಾರೂ ಗೋಡೆ ಮುಟ್ಟಲಿಲ್ಲ. ನನಗೆ ಎಚ್ಚರವಾದಾಗ ಅಡುಗೆಮನೆಯ ಕಿಟಕಿಯಿಂದ ಬಿಸಿಲು ಒಳಕ್ಕೆ ಬಂದಿತ್ತು. ಅತ್ತೆ ಇನ್ನೂ ಗೋಡೆಗೆ ಮುಖ ಮಾಡಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಭಟ್ಕಳದ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು. ನಾನು ಸದ್ದು ಮಾಡದೆ ಚಹಾಕ್ಕೆ ನೀರಿಟ್ಟೆ.